ವೈರ್ ಎಳೆಯದೆ ಹಾಲ್‌ನ ಬಾಕ್ಸ್‌ನಿಂದ ಒಳಕೋಣೆಯ ಟಿವಿಗೆ: ನನ್ನ ಅನುಭವ

ಹಾಲ್‌ನ ಡಿಟಿಎಚ್ ಎಚ್‌ಡಿ ಬಾಕ್ಸ್‌ನ ಚಿತ್ರವನ್ನು ಎರಡು ಇಟ್ಟಿಗೆ ಗೋಡೆಗಳಾಚೆಯ ಟಿವಿಗೆ ಕಳಿಸಲು ನಾನು ಬಳಸಿದ್ದು 5 ಗಿಗಾಹರ್ಟ್ಸ್ ವೈರ್‌ಲೆಸ್ ಎಚ್‌ಡಿಎಂಐ ಕಿಟ್. ಅದರಲ್ಲಿ ಎರಡು ಘಟಕ: ಬಾಕ್ಸ್ ಕಡೆ ಚಿತ್ರ ಕಳಿಸುವ ಟ್ರಾನ್ಸ್‌ಮಿಟರ್, ಒಳಕೋಣೆಯ ಟಿವಿ ಕಡೆ ಅದನ್ನು ಹಿಡಿಯುವ ರಿಸೀವರ್. ಎರಡೂ ಟಿವಿಯಲ್ಲಿ ಒಂದೇ ಚಾನೆಲ್ ಬರುತ್ತದೆ. ಬೇರೆ ಬೇರೆ ಚಾನೆಲ್ ಬೇಕಿದ್ದರೆ ಎರಡನೇ ಬಾಕ್ಸ್ ಹಾಕಿಸಿಕೊಳ್ಳಿ, ಕಿಟ್‌ಗೆ ದುಡ್ಡು ಹಾಕಬೇಡಿ.

ಕೊಳ್ಳುವಾಗ ಟ್ರಾನ್ಸ್‌ಮಿಟರ್‌ನಲ್ಲಿ ಲೂಪ್ ಔಟ್ (ಅದೇ ಚಿತ್ರವನ್ನು ಹಾಲ್‌ನ ಟಿವಿಗೂ ಕೊಡುವ ಕಿಂಡಿ) ಇದೆಯೇ, ರಿಮೋಟ್‌ನ ಐಆರ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ಸಂಕೇತ ಬಾಕ್ಸ್‌ಗೆ ಹಿಂದಕ್ಕೆ ಬರುವ ವ್ಯವಸ್ಥೆ ಇದೆಯೇ ನೋಡಿ. ಲೂಪ್ ಔಟ್ ಇದ್ದರೆ ಹಾಲ್‌ನ ಟಿವಿಗೆ ಸಂಕೇತವನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಬೇರೆ ಬೇಡ. ಕೆಲವು ಅಗ್ಗದ ಸ್ಪ್ಲಿಟರ್‌ಗಳಲ್ಲಿ ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಹೊಂದದೆ ಪರದೆ ಕಪ್ಪಾಗುತ್ತದೆ. 60 ಗಿಗಾಹರ್ಟ್ಸ್ ಕಿಟ್ ಒಂದೇ ಕೋಣೆಯೊಳಗೆ ಚೆನ್ನ, ಆದರೆ ಆ ತರಂಗ ಗೋಡೆ ದಾಟುವುದಿಲ್ಲ. ಹಳೆಯ 2.4 ಗಿಗಾಹರ್ಟ್ಸ್ ಎವಿ ಸೆಂಡರ್‌ಗಳಿಗೆ (ಚಿತ್ರ-ಧ್ವನಿ ಕಳಿಸುವ ಸಾಧನ) ಮೈಕ್ರೋವೇವ್ ಓವನ್ ಶತ್ರು, ಅದೂ ಅದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವುದರಿಂದ. ಡಬ್ಬಿಯ ಮೇಲೆ ಬರೆದ ದೂರ ಅಡ್ಡಿಯಿಲ್ಲದ ಬಯಲಿನ ಲೆಕ್ಕ, ಮನೆಯೊಳಗೆ ಅದನ್ನು ನಂಬಿಕೊಳ್ಳಬಾರದು.

ಮೊದಲು ಎರಡೂ ಘಟಕಗಳನ್ನು ಒಂದೇ ಕೋಣೆಯಲ್ಲಿ ಒಂದೆರಡು ಮೀಟರ್ ಅಂತರದಲ್ಲಿಟ್ಟು ಚಿತ್ರ ಬರುವುದನ್ನು ಖಾತ್ರಿ ಮಾಡಿಕೊಳ್ಳಿ. ಆಮೇಲೆ ರಿಸೀವರ್ ಮಾತ್ರ ಒಳಕೋಣೆಗೆ ಒಯ್ಯಿರಿ. ಹೀಗೆ ಮಾಡಿದರೆ ತೊಂದರೆ ಕೇಬಲ್‌ನದೋ ಗೋಡೆಯದೋ ಎಂಬ ಗೊಂದಲ ಉಳಿಯುವುದಿಲ್ಲ.

ವಿದ್ಯುತ್ ವಿಷಯದಲ್ಲಿ ಉಳಿತಾಯ ಬೇಡ. ಟಿವಿಯ ಯುಎಸ್‌ಬಿ 2.0 ಕಿಂಡಿಯಿಂದ ನಿಯಮದಂತೆ ಸಿಗುವುದು 500 ಮಿಲಿಆಂಪ್ ಮಾತ್ರ. ಅದು ಸಾಲದೆ ಚಿತ್ರ ಬಂದು ಬಂದು ಹೋಗುತ್ತದೆ, ಜನ ಸಿಗ್ನಲ್ ದುರ್ಬಲ ಎಂದುಕೊಳ್ಳುತ್ತಾರೆ. ಎರಡೂ ಕಡೆ 5 ವೋಲ್ಟ್, 2 ಆಂಪ್‌ನ ಪ್ರತ್ಯೇಕ ಅಡಾಪ್ಟರ್ ಕೊಟ್ಟೆ.

ಫಲಿತಾಂಶ ನಿಜವಾಗಿ ನಿಂತಿರುವುದು ಘಟಕ ಇಡುವ ಜಾಗದ ಮೇಲೆ. ಟ್ರಾನ್ಸ್‌ಮಿಟರನ್ನು ಟಿವಿಯ ಬೆನ್ನಿಗೆ ಅಂಟಿಸಿದರೆ ಟಿವಿಯೊಳಗಿನ ಲೋಹದ ತಗಡೇ ತರಂಗವನ್ನು ತಡೆಯುತ್ತದೆ. ಸ್ಟ್ಯಾಂಡ್‌ನ ಅಂಚಿಗೆ ಎಳೆದು, ನೆಲದಿಂದ ಮೂರು-ನಾಲ್ಕು ಅಡಿ ಎತ್ತರದಲ್ಲಿ ಇಡಿ. ದಾರಿಯಲ್ಲಿ ಸ್ಟೀಲ್ ಬೀರು, ಫ್ರಿಜ್, ದೊಡ್ಡ ಕನ್ನಡಿ, ಆರ್‌ಸಿಸಿ ಕಂಬ ಅಡ್ಡ ಬರಬಾರದು. ಗೋಡೆಯನ್ನು ಓರೆಯಾಗಿ ದಾಟುವ ತರಂಗಕ್ಕೆ ಗೋಡೆಯ ದಪ್ಪ ಹೆಚ್ಚುತ್ತದೆ, ಆದ್ದರಿಂದ ಆದಷ್ಟು ನೇರ ಎದುರಿಗೆ ಇಡಿ. 5.8 ಗಿಗಾಹರ್ಟ್ಸ್ ಬಳಿ ತರಂಗದ ಉದ್ದ ಸುಮಾರು 5 ಸೆಂಟಿಮೀಟರ್ ಅಷ್ಟೇ, ಹಾಗಾಗಿ ರಿಸೀವರನ್ನು ನಾಲ್ಕು ಬೆರಳು ಸರಿಸಿದರೂ ಚಿತ್ರ ಸ್ಥಿರವಾಗಬಹುದು. ವೈಫೈ ರೂಟರ್ ಒಂದು ಮೀಟರಾದರೂ ದೂರವಿರಲಿ. ಅದರ 5 ಗಿಗಾಹರ್ಟ್ಸ್ ಚಾನೆಲನ್ನು (ಟಿವಿ ಚಾನೆಲ್ ಅಲ್ಲ, ತರಂಗಪಟ್ಟಿಯ ಒಂದು ಭಾಗದ ಸಂಖ್ಯೆ) ಆಟೋದಲ್ಲಿ ಬಿಡದೆ 36ಕ್ಕೆ ಕಟ್ಟಿ, ಕಿಟ್ ಅನ್ನು 149ರಿಂದ ಮೇಲಿನದಕ್ಕೆ ಹಾಕಿದರೆ ಕಿತ್ತಾಟ ಇರದು.

ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 1080ಐ ಇದ್ದು ಚಿತ್ರ ಬಾರದಿದ್ದರೆ 720ಪಿ ಮಾಡಿ. ಕೆಲವು ಕಿಟ್‌ಗಳು ಇಂಟರ್‌ಲೇಸ್ (1080ಐನಂತೆ ಒಂದು ಬಾರಿಗೆ ಅರ್ಧ ಗೆರೆಗಳನ್ನಷ್ಟೇ ಕಳಿಸುವ ಬಗೆ) ಒಪ್ಪುವುದಿಲ್ಲ. ಚಿತ್ರ ಬಂದು ಧ್ವನಿ ಬಾರದಿದ್ದರೆ ಆಡಿಯೊವನ್ನು ಡಾಲ್ಬಿಯಿಂದ ಪಿಸಿಎಂ (ಅದುಮದ ಸಾದಾ ಧ್ವನಿ) ಸ್ಟೀರಿಯೊಗೆ ಬದಲಿಸಿ. ಕರೆಂಟ್ ಹೋಗಿ ಬಂದ ಮೇಲೆ ಪರದೆ ಕಪ್ಪಾಗಿದ್ದರೆ ಟಿವಿ, ರಿಸೀವರ್, ಟ್ರಾನ್ಸ್‌ಮಿಟರ್, ಕೊನೆಗೆ ಬಾಕ್ಸ್, ಈ ಕ್ರಮದಲ್ಲಿ ಆನ್ ಮಾಡಿ. ಎಚ್‌ಡಿಎಂಐ ಕೊನೆಯಲ್ಲಿ ಯಾರಿದ್ದಾರೆ ಎಂದು ಬಾಕ್ಸ್ ಶುರುವಾಗುವಾಗಲೇ ವಿಚಾರಿಸಿಕೊಳ್ಳುತ್ತದೆ.

ರಿಮೋಟ್‌ಗಾಗಿ ಕಿಟ್‌ನ ಐಆರ್ ಬಲ್ಬನ್ನು ಬಾಕ್ಸ್‌ನ ಐಆರ್ ಕಣ್ಣಿನ ಎದುರಿಗೇ ಅಂಟಿಸಿ. ಕಪ್ಪು ಪ್ಲಾಸ್ಟಿಕ್‌ನ ಹಿಂದೆ ಕಣ್ಣು ಎಲ್ಲಿದೆ ಎಂದು ಟಾರ್ಚ್ ಬೆಳಕಲ್ಲಿ ಕಾಣುತ್ತದೆ. ಒಳಕೋಣೆಯಲ್ಲಿ ಬಟನ್ ಒತ್ತಿದಾಗ ಬಲ್ಬ್ ಮಿನುಗುವುದನ್ನು ಮೊಬೈಲ್‌ನ ಮುಂದಿನ ಕ್ಯಾಮೆರಾದಲ್ಲಿ ನೋಡಬಹುದು. ಬ್ಲೂಟೂತ್ ರಿಮೋಟ್ ಇರುವ ಬಾಕ್ಸ್‌ಗೆ ಈ ದಾರಿ ನಡೆಯದು.

ಒಳಕೋಣೆಯ ಚಿತ್ರ, ಧ್ವನಿ ಹಾಲ್‌ಗಿಂತ ತುಸು ತಡವಾಗಿ ಬರುತ್ತವೆ, ಚಿತ್ರವನ್ನು ಅದುಮಿ ಕಳಿಸಿ ಮತ್ತೆ ಬಿಡಿಸಬೇಕಲ್ಲ. ಬಾಗಿಲು ತೆರೆದು ಎರಡೂ ಟಿವಿ ಹಾಕಿದರೆ ಪ್ರತಿಧ್ವನಿ ಕೇಳುತ್ತದೆ. ಕ್ರಿಕೆಟ್ ನೋಡುವಾಗ ಹಾಲ್‌ನ ಟಿವಿಯನ್ನು ಮ್ಯೂಟ್ ಮಾಡಿ.