ಕಲಶದ ಕುತ್ತಿಗೆಯಲ್ಲಿ ಅರಗು ನಿಲ್ಲದಿದ್ದಾಗ

ಮರವನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತ್‌ನಲ್ಲಿ, ಆಲೆ ಮರದಲ್ಲಿ ಕಡೆದ 30 ಸೆಂ.ಮೀ. ಎತ್ತರದ ಅಲಂಕಾರಿಕ ಕಲಶ. ಹೊಟ್ಟೆಯ ಭಾಗಕ್ಕೆ ಬಣ್ಣದ ಅರಗು ಚೆನ್ನಾಗಿ ಹಿಡಿದಿತ್ತು, 12 ಮಿ.ಮೀ. ದಪ್ಪದ ಕುತ್ತಿಗೆಯಲ್ಲಿ ಮಾತ್ರ ಪಟ್ಟೆಪಟ್ಟೆಯಾಗಿ ಬಿಟ್ಟುಬಿಟ್ಟು ಕೂರುತ್ತಿತ್ತು. ದೋಷ ಅರಗಿನದಲ್ಲ. ಬೆರಳಾಡಿಸಿದರೆ ಅಲ್ಲಿ ಸುರುಳಿ ಸುರುಳಿಯಾದ ಏಣುಗಳು ಸಿಗುತ್ತಿದ್ದವು. ತೆಳುವಾದ ಮರ ಉಳಿಯ ಒತ್ತಡಕ್ಕೆ ಬಾಗಿ ನಡುಗಿದ್ದರ ಗುರುತು ಅದು. ಅರಗು ಕರಗುವುದು ಉಜ್ಜಿದ ಬಿಸಿಗೆ. ಏಣಿನ ತಲೆಗೆ ತಾಗಿದ ಬಿಸಿ ತಗ್ಗಿಗೆ ಇಳಿಯುವುದಿಲ್ಲ.

ಕಡೆಯುವ ಕ್ರಮ ಬದಲಿಸಿದ ಮೇಲೆ ಸರಿಹೋಯಿತು. ಮರದ ಕೊನೆಗೆ ಆನಿಕೆ ಕೊಡುವ ಟೇಲ್‌ಸ್ಟಾಕ್ ಕಡೆಯ ತುದಿಯನ್ನು ಮೊದಲು ಪೂರ್ತಿ ಮುಗಿಸಿ, ಆಗಲೇ ಮರಳುಕಾಗದವನ್ನೂ ಹಾಕಿ, ಆಮೇಲೆ ಮರವನ್ನು ಹಿಡಿದು ತಿರುಗಿಸುವ ಚಕ್‌ನತ್ತ ಸಾಗಬೇಕು. ಚಕ್ ಬಳಿ ಮರ ದಪ್ಪವಾಗಿಯೇ ಉಳಿದಷ್ಟೂ ನಡುಕ ಕಡಿಮೆ. ಕುತ್ತಿಗೆಯನ್ನು ಕೊನೆಯ ಸಲ ಕಡೆಯುವಾಗ ಉಳಿ ಆಗಷ್ಟೇ ಮಸೆದಿರಲಿ, ಅರ್ಧ ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಟೇಲ್‌ಸ್ಟಾಕನ್ನು ಅತಿಯಾಗಿ ಬಿಗಿದರೂ ಮರ ಬಿಲ್ಲಿನಂತೆ ಬಾಗುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

120, 180, 240 ನಂಬರಿನ ಮರಳುಕಾಗದ ಮುಗಿದ ಮೇಲೆ ಒಣಬಟ್ಟೆಯಿಂದ, ಲೇತ್ ನಿಲ್ಲಿಸಿಯೇ, ಪುಡಿ ಒರೆಸಿ. ಎಣ್ಣೆ ಸೋಕಿದರೆ ಅರಗು ಹಿಡಿಯುವುದಿಲ್ಲ. ಲೇತ್ ಮತ್ತೆ ಓಡಿಸಿ, ಅರಗಿನ ಕಡ್ಡಿಯನ್ನು ಒತ್ತಿ ನಿಧಾನವಾಗಿ ಸರಿಸಿ, ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಬಣ್ಣ ಕುತ್ತಿಗೆಯ ಸುತ್ತ ಒಂದೇ ಸಮ ಹರಡುತ್ತದೆ.