ಪ್ರೊಟೀನ್ ಬಾರ್: ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ಓದಿ

ನಮ್ಮ ಬೀದಿಯ ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಮೊದಲು ಶುಂಠಿ ಪೆಪ್ಪರಮೆಂಟಿನ ಡಬ್ಬಿ ಇರುತ್ತಿತ್ತು. ಈಗ ಆ ಜಾಗಕ್ಕೆ ಪ್ರೊಟೀನ್ ಬಾರ್‌ಗಳ ಪೆಟ್ಟಿಗೆ ಬಂದಿದೆ. ಅಕ್ಕನ ಮಗಳು ಆಫೀಸಿನಿಂದ ಬರುತ್ತಾ ದಿನಾ ಒಂದು ತರುತ್ತಾಳೆ. ಸಂಜೆ ಬೋಂಡಾ ಮುಂದಿಟ್ಟರೆ ತಟ್ಟೆಯನ್ನು ಈಚೆಗೆ ತಳ್ಳಿ, ಬಾರ್ ಸುಲಿದು ಕಚ್ಚುತ್ತಾಳೆ. ‘ಮಾಮ, ಇದು ತಿಂಡಿಯಲ್ಲ, ಪ್ರೊಟೀನು’ ಅನ್ನುತ್ತಾಳೆ. ಹೌದಾ ಅಂತ ಒಂದು ಭಾನುವಾರ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ನಾವು ಹಾಕಿದ ಲೆಕ್ಕವನ್ನು ನೀವೂ ಹಾಕಬಹುದು, ಅರ್ಧ ಗಂಟೆ ಸಾಕು.

ಹೆಜ್ಜೆ 1: ನಿಮಗೆ ಬೇಕಾದದ್ದು ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಅಳತೆ ಹೀಗಿದೆ: ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್. ತೂಕ 60 ಕಿಲೊ ಇದ್ದರೆ 50 ಗ್ರಾಂ ಅಂದುಕೊಳ್ಳಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇನ್ನೂ ಹೆಚ್ಚು ಬೇಕು. ನಿಜವಾಗಿ ಭಾರ ಎತ್ತುವವರಿಗೂ ಹೆಚ್ಚು. ಜಿಮ್ಮಿಗೆ ದುಡ್ಡು ಕಟ್ಟಿ ಹೋಗದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅರವತ್ತೈದು ದಾಟಿದವರ ಸ್ನಾಯು ಬೇಗ ಕರಗುವುದರಿಂದ ಅವರಿಗೆ ಕಿಲೊಗೆ 1ರಿಂದ 1.2 ಗ್ರಾಂ ಇರಲಿ ಎಂದು ಹಲವು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಈ ಲೆಕ್ಕ ಬಿಟ್ಟು ತಮ್ಮ ವೈದ್ಯರ ಮಾತು ಕೇಳಬೇಕು.

ಹೆಜ್ಜೆ 2: ಒಂದು ದಿನ ತಿಂದದ್ದನ್ನೆಲ್ಲ ಬರೆದಿಡಿ

ನೆನಪಿನಿಂದ ಬರೆಯಬೇಡಿ, ತಿಂದಾಗಲೇ ಬರೆಯಿರಿ. ಅಕ್ಕನ ಮಗಳ ತೂಕ 60 ಕಿಲೊ. ಅವಳ ಒಂದು ದಿನದ ಪಟ್ಟಿ, ಗ್ರಾಂ ಲೆಕ್ಕದಲ್ಲಿ, ಅಂದಾಜು ಹೀಗಿತ್ತು. ಬೆಳಿಗ್ಗೆ ಮೂರು ಇಡ್ಲಿ 6, ಸಾಂಬಾರ್ 4. ದಿನದ ಎರಡು ಕಾಫಿಯ ಹಾಲಿನಿಂದ 5. ಮಧ್ಯಾಹ್ನ ಅನ್ನ 5, ತಿಳಿಸಾರು 2, ಬೀನ್ಸ್ ಪಲ್ಯ 2, ಒಂದು ಬಟ್ಟಲು ಮೊಸರು 3. ಕಾಫಿ ಜೊತೆ ಮೂರು ಬಿಸ್ಕತ್ತು 1. ರಾತ್ರಿ ಎರಡು ಚಪಾತಿ 6, ಸಾಗು 3. ಒಟ್ಟು 37.

ಅಂದರೆ ಕೊರತೆ 13 ಗ್ರಾಂ. ‘ನೋಡಿದ್ಯಾ, ಅದಕ್ಕೇ ಬಾರ್’ ಅಂದಳು. ಕೊರತೆ ಇರುವುದೇನೋ ನಿಜ, ನಾನೂ ಒಪ್ಪಿಕೊಂಡೆ. ನಮ್ಮ ಸಸ್ಯಾಹಾರಿ ಮನೆಗಳ ಊಟದಲ್ಲಿ ಅನ್ನ ಗುಡ್ಡದಷ್ಟು, ಬೇಳೆ ಹನಿಯಷ್ಟು. ಅದನ್ನು ಸುಮ್ಮನೆ ಹೊಗಳಿಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಅದೇ ಪಟ್ಟಿಯಲ್ಲಿ ತಿಳಿಸಾರು ಅಂತ ಒಂದಿದೆಯಲ್ಲ, ನಾನು ಅಲ್ಲಿಗೆ ಬೆರಳಿಟ್ಟೆ.

ಹೆಜ್ಜೆ 3: ಮೊದಲು ಅಡುಗೆಮನೆಯಲ್ಲಿ ತುಂಬಿಸಿ

ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಹುರುಳಿಯಲ್ಲೂ ಅಷ್ಟೇ, ಹೆಸರುಕಾಳಿನಲ್ಲಿ ಒಂದು ಗ್ರಾಂ ಹೆಚ್ಚು. ಇದೇನೂ ಕಮ್ಮಿಯಲ್ಲ, ಆದರೆ ಆ ಬೇಳೆ ನಮ್ಮ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದು ಬೇರೆ ಮಾತು. ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಹಾಕಿ, ಅದರ ಮೇಲಿನ ತಿಳಿಯನ್ನು ಬಡಿಸಿಕೊಂಡರೆ ಬಾಯಿಗೆ ರುಚಿ, ಮೈಗೆ ನೀರು. ಬಸ್ಸಾರು ಮಾಡುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಪ್ರೊಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲೇ. ಸಾರು ಸುರಿದುಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವವರು ಒಳ್ಳೆಯದನ್ನೇ ತಳ್ಳುತ್ತಿದ್ದಾರೆ.

ಅವಳ 13 ಗ್ರಾಂ ಹೀಗೆ ತುಂಬಿತು: ತಿಳಿಸಾರಿನ ಬದಲು ಗಟ್ಟಿ ಬೇಳೆಸಾರು (4 ಹೆಚ್ಚು), 30 ಗ್ರಾಂ ಹೆಸರುಕಾಳು ನೆನೆಹಾಕಿ ಮಾಡಿದ ಉಸಲಿ (7), ರಾತ್ರಿ ಇನ್ನೊಂದು ಬಟ್ಟಲು ಮೊಸರು (3). ಮೊಟ್ಟೆ ತಿನ್ನುವವರಾದರೆ ಎರಡು ಬೇಯಿಸಿಕೊಂಡರೆ 12, ಕೆಲಸ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ಬೇಳೆಕಾಳನ್ನು ಅನ್ನ, ಮುದ್ದೆ, ರೊಟ್ಟಿ ಜೊತೆ ತಿನ್ನುವುದರಿಂದ ಇನ್ನೊಂದು ಲಾಭವಿದೆ. ಪ್ರೊಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೊ ಆಮ್ಲಗಳು. ಅವುಗಳಲ್ಲಿ ಧಾನ್ಯದಲ್ಲಿ ಲೈಸಿನ್ ಕಮ್ಮಿ, ಕಾಳಿನಲ್ಲಿ ಮೆಥಿಯೊನಿನ್ ಕಮ್ಮಿ. ಒಂದರ ಕೊರೆಯನ್ನು ಇನ್ನೊಂದು ತುಂಬುತ್ತದೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ ಹಾಕಿಕೊಳ್ಳುತ್ತಾರಲ್ಲ, ಆ ತಟ್ಟೆಗೆ ಬಾರ್‌ನ ಹಂಗಿಲ್ಲ.

ಹೆಜ್ಜೆ 4: ಹೊದಿಕೆಯ ಹಿಂಭಾಗ ಓದಿ

ಇಷ್ಟಾದ ಮೇಲೂ ಬಾರ್ ಬೇಕು ಅನ್ನಿಸಿದರೆ, ಕನ್ನಡಕ ಹಾಕಿಕೊಳ್ಳಿ. ಮುಂಭಾಗದಲ್ಲಿ ಅಂಗೈಯಗಲದ ‘20 ಗ್ರಾಂ’ ಇರುತ್ತದೆ. ನಿಜ ಸಂಗತಿ ಹಿಂದುಗಡೆ, ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿ, ಅದೂ ಹೊಳೆಯುವ ಹಾಳೆಯ ಮಡಿಕೆಯೊಳಗೆ.

ಮೊದಲು ನೋಡಬೇಕಾದದ್ದು ಯಾವ ಕಾಲಂ ಓದುತ್ತಿದ್ದೀರಿ ಎಂದು. ಪಟ್ಟಿಯಲ್ಲಿ ನೂರು ಗ್ರಾಮಿಗೆ ಒಂದು ಕಾಲಂ, ಒಂದು ಬಾರ್‌ಗೆ ಇನ್ನೊಂದು ಇರುತ್ತದೆ. ಬಾರ್ ಇರುವುದೇ 50, 60 ಗ್ರಾಂ. ನೂರರ ಕಾಲಂ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಆಮೇಲೆ ಒಂದು ಸಣ್ಣ ಗುಣಾಕಾರ. ಒಂದು ಗ್ರಾಂ ಪ್ರೊಟೀನ್ ಅಂದರೆ 4 ಕ್ಯಾಲರಿ. ಬಾರ್‌ನ ಪ್ರೊಟೀನನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕ್ಯಾಲರಿಯಿಂದ ಭಾಗಿಸಿ. 10 ಗ್ರಾಂ ಪ್ರೊಟೀನ್, 200 ಕ್ಯಾಲರಿಯ ಬಾರ್ ಆದರೆ ಕ್ಯಾಲರಿಯ ಶೇ 20 ಮಾತ್ರ ಪ್ರೊಟೀನಿನಿಂದ ಬಂತು, ಉಳಿದ ಶೇ 80 ಸಿಹಿ ಮತ್ತು ಎಣ್ಣೆಯದು. ಇದೇ ಲೆಕ್ಕದಲ್ಲಿ ಬರೀ ಕಡಲೆಕಾಯಿ ಬೀಜ ಶೇ 18ರ ಹತ್ತಿರ, ಹುರಿಗಡಲೆ ಶೇ 24ರ ಹತ್ತಿರ, ಮೊಟ್ಟೆ ಶೇ 33ರ ಹತ್ತಿರ ಬರುತ್ತದೆ. ಹುರಿಗಡಲೆಗೆ ಸೋಲುವ ವಸ್ತುವನ್ನು ಪ್ರೊಟೀನ್ ಬಾರ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಕ್ಕನ ಮಗಳು ತರುತ್ತಿದ್ದದ್ದು ಇದೇ ಜಾತಿಯದು. ಲೆಕ್ಕ ಮುಗಿದಾಗ ಅವಳು ಹೊದಿಕೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ‘ಇದು ಚಾಕೊಲೇಟೇ ಹಂಗಾದ್ರೆ’ ಅಂದಳು. 20 ಗ್ರಾಂ ಪ್ರೊಟೀನ್, 230 ಕ್ಯಾಲರಿಯ ಬಾರ್‌ಗಳೂ ಇವೆ. ಅವು ಶೇ 35 ಮುಟ್ಟುತ್ತವೆ. ನನ್ನ ಗೆರೆ ಶೇ 30. ಅದಕ್ಕಿಂತ ಕೆಳಗಿದ್ದರೆ ವಾಪಸ್ ಇಡಿ.

ಮೂರನೆಯದು ಪದಾರ್ಥಗಳ ಪಟ್ಟಿ. ಯಾವುದು ಹೆಚ್ಚು ತೂಕ ಇದೆಯೋ ಅದು ಮೊದಲು ಬರಬೇಕೆಂಬುದು ನಿಯಮ. ವೇ ಪ್ರೊಟೀನ್ (ಹಾಲು ಒಡೆದಾಗ ಉಳಿಯುವ ತಿಳಿನೀರಿನದು), ಹಾಲಿನ ಪ್ರೊಟೀನ್ ಅಥವಾ ಸೋಯಾ ಪ್ರೊಟೀನ್ ಮೊದಲಿದ್ದರೆ ಸರಿ. ಸಿರಪ್ಪು, ಚಾಕೊಲೇಟ್ ಲೇಪನ, ಪಾಮ್ ಎಣ್ಣೆ ಮೊದಲಿದ್ದರೆ ಅದು ಬೇರೆ ಅಂಗಡಿಯ ಸಾಮಾನು. ಕೆಲವು ಬಾರ್‌ಗಳಲ್ಲಿ ಅಂಕಿ ಏರಿಸಲು ಜೆಲಾಟಿನ್ ಅಥವಾ ಕೊಲಾಜೆನ್ ಸೇರಿಸುತ್ತಾರೆ. ಇದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಟ್ರಿಪ್ಟೊಫ್ಯಾನ್ ಎಂಬ ಅತ್ಯಗತ್ಯ ಅಮೈನೊ ಆಮ್ಲವೇ ಇದರಲ್ಲಿಲ್ಲ, ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸಸ್ಯಾಹಾರಿಗಳು ಹಸಿರು ಚುಕ್ಕೆ ಇದೆಯೋ, ಕಂದು ತ್ರಿಕೋನ ಇದೆಯೋ ನೋಡಿಕೊಳ್ಳಬೇಕು.

ನಾಲ್ಕನೆಯದನ್ನು ನಾನು ಕಲಿತದ್ದು ಶಿವಮೊಗ್ಗದ ಬಸ್ಸಿನಲ್ಲಿ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿದ್ದ ಎರಡು ಬಾರ್‌ಗಳನ್ನು ತುಮಕೂರು ದಾಟುವಷ್ಟರಲ್ಲಿ ತಿಂದು ಮುಗಿಸಿದ್ದೆ. ತಿಪಟೂರಿನ ಹೊತ್ತಿಗೆ ಹೊಟ್ಟೆಯೊಳಗೆ ಡೊಳ್ಳು ಶುರುವಾಯಿತು. ಅರಸೀಕೆರೆ ನಿಲ್ದಾಣದಲ್ಲಿ ಕಂಡಕ್ಟರಿಗೆ ‘ಐದೇ ನಿಮಿಷ ಸಾರ್’ ಎಂದು ಕೈಮುಗಿದು ಓಡಿದವನು, ವಾಪಸ್ ಬಂದು ಹೊದಿಕೆ ಓದಿದೆ. ಮಾಲ್ಟಿಟಾಲ್. ಸಕ್ಕರೆಯ ಬದಲು ಹಾಕುವ ಪಾಲಿಯಾಲ್‌ಗಳಲ್ಲಿ ಇದೊಂದು, ಸಾರ್ಬಿಟಾಲ್ ಇನ್ನೊಂದು. ಇವು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಜಾರಿ, ಅಲ್ಲಿ ನೀರು ಎಳೆಯುತ್ತವೆ, ಹುಳಿತು ಗ್ಯಾಸ್ ಮಾಡುತ್ತವೆ. ಭೇದಿಯಾಗಬಹುದು ಎಂಬರ್ಥದ ಸಾಲೊಂದು ಹೊದಿಕೆಯ ಮೂಲೆಯಲ್ಲಿ ಇತ್ತು ಕೂಡ, ನಾನೇ ಓದಿರಲಿಲ್ಲ. ನಾರಿನಂಶಕ್ಕೆಂದು ಸೇರಿಸುವ ಇನ್ಯುಲಿನ್ ಕೂಡ ಕೆಲವರಿಗೆ ಹೀಗೇ ಆಟ ಆಡಿಸುತ್ತದೆ. ಸಕ್ಕರೆ ಕಾಯಿಲೆಯವರು ಗಮನಿಸಿ: ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟು ಏರಿಸುವುದಿಲ್ಲ, ಆದರೆ ಏರಿಸುವುದೇ ಇಲ್ಲ ಎಂದೇನಿಲ್ಲ. ಸಕ್ಕರೆಯ ಬದಲು ಖರ್ಜೂರ ಅರೆದು ಹಾಕಿದ ಬಾರ್‌ಗೂ ಇದೇ ಎಚ್ಚರಿಕೆ ಬೇಕು, ಖರ್ಜೂರವೂ ಸಿಹಿಯೇ.

ಹೆಜ್ಜೆ 5: ಗ್ರಾಮಿಗೆ ಎಷ್ಟು ರೂಪಾಯಿ?

ಬೆಲೆಯನ್ನು ಪ್ರೊಟೀನಿನ ಗ್ರಾಮಿನಿಂದ ಭಾಗಿಸಿ. 60 ರೂಪಾಯಿಯ ಬಾರ್‌ನಲ್ಲಿ 10 ಗ್ರಾಂ ಇದ್ದರೆ ಗ್ರಾಮಿಗೆ 6 ರೂಪಾಯಿ. ಏಳು ರೂಪಾಯಿಯ ಮೊಟ್ಟೆಯಲ್ಲಿ ಗ್ರಾಮಿಗೆ ಒಂದು ರೂಪಾಯಿ ಚಿಲ್ಲರೆ. ಕಿಲೊಗೆ 140 ರೂಪಾಯಿ ಕೊಟ್ಟು ತಂದ ಹುರಿಗಡಲೆಯಲ್ಲಿ ಒಂದು ರೂಪಾಯಿಯೂ ಬೀಳುವುದಿಲ್ಲ. ಇನ್ನು ನೂರು ಗ್ರಾಮಿಗೆ 52 ಗ್ರಾಂ ಪ್ರೊಟೀನ್ ಇರುವ ಸೋಯಾ ಚಂಕ್ಸ್‌ನದ್ದು ಪೈಸೆ ಲೆಕ್ಕ. ಅದರ ರುಚಿಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಹೆಜ್ಜೆ 6: ಮನೆಯಲ್ಲೇ ಮಾಡಿ ನೋಡಿ

ಹುರಿಗಡಲೆ ಮತ್ತು ಕಡಲೆಕಾಯಿ ಜೋಡಿ ನಮಗೆ ಹೊಸದಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ಆ ದಶಕದಲ್ಲೇ ಅಪೌಷ್ಟಿಕತೆಗೆಂದು ಒಂದು ಹಿಟ್ಟು ರೂಪಿಸಿತ್ತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಹುರಿದ ಕಡಲೆ ಹಿಟ್ಟು ಒಂದು ಪಾಲು, ಮೇಲೆ ಜೀವಸತ್ವಗಳು. ಅದಕ್ಕೂ ಎಷ್ಟೋ ಮುಂಚಿನಿಂದ ನಮ್ಮ ಅಜ್ಜಿಯರು ಹಬ್ಬಕ್ಕೆ ತಂಬಿಟ್ಟು ಕಟ್ಟುತ್ತಿದ್ದರು.

ಬೇಕಾದದ್ದು: ಹುರಿಗಡಲೆ 100 ಗ್ರಾಂ, ಕಡಲೆಕಾಯಿ ಬೀಜ 100 ಗ್ರಾಂ, ಎಳ್ಳು 25 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 50 ಗ್ರಾಂ, ಬೆಲ್ಲ 100 ಗ್ರಾಂ, ಏಲಕ್ಕಿ.

ಬೀಜ ಹುರಿದು ಸಿಪ್ಪೆ ಕೇರಿ ತರಿತರಿಯಾಗಿ ಕುಟ್ಟಿ. ಹುರಿಗಡಲೆ ನುಣ್ಣಗೆ ಪುಡಿ ಮಾಡಿ, ಎಳ್ಳು ಚಟಪಟ ಅನ್ನುವವರೆಗೆ ಹುರಿಯಿರಿ. ಬೆಲ್ಲಕ್ಕೆ ಮೂರು ಚಮಚ ನೀರು ಹಾಕಿ ಕಾಯಿಸಿ. ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ಟಣ್ ಅನ್ನುವಷ್ಟು ಗಟ್ಟಿಯಾದರೆ ಅದು ಚಿಕ್ಕಿಯ ಪಾಕ. ಒಲೆ ಆರಿಸಿದ ಮೇಲೇ ಹಾಲಿನ ಪುಡಿ ಹಾಕಿ, ಇಲ್ಲವಾದರೆ ಗಂಟು ಕಟ್ಟುತ್ತದೆ. ಉಳಿದದ್ದೆಲ್ಲ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಅದುಮಿ, ಬಿಸಿಯಿರುವಾಗಲೇ ಹತ್ತು ತುಂಡು ಮಾಡಿ. ಒಂದು ತುಂಡಿಗೆ ಸುಮಾರು 7 ಗ್ರಾಂ ಪ್ರೊಟೀನ್, 160 ಕ್ಯಾಲರಿ.

ನಾಲ್ಕನೇ ಹೆಜ್ಜೆಯ ಲೆಕ್ಕ ಹಾಕಿದರೆ ಇದೂ ಶೇ 17ರಷ್ಟೇ ಬರುತ್ತದೆ, ನನ್ನದೇ ಗೆರೆಯ ಕೆಳಗೆ. ಮುಚ್ಚಿಡುವುದಿಲ್ಲ. ಇದು ಒಳ್ಳೆಯ ಪದಾರ್ಥದ ತಿಂಡಿ, ದಿನಕ್ಕೊಂದು ಸಾಕು.

ಹೆಜ್ಜೆ 7: ಬಾರ್ ಯಾವಾಗ ಕೊಳ್ಳಬಹುದು?

1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪವರ್‌ಬಾರ್ ಎಂಬ ಎನರ್ಜಿ ಬಾರ್ ಶುರು ಮಾಡಿದ ಬ್ರಯಾನ್ ಮ್ಯಾಕ್ಸ್‌ವೆಲ್ ಮ್ಯಾರಥಾನ್ ಓಟಗಾರ. ಓಡುತ್ತಾ ಊಟ ಮಾಡಲಾಗದವರಿಗೆಂದು ಹುಟ್ಟಿದ ತಿಂಡಿಯನ್ನು ನಾವೀಗ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತು ತಿನ್ನುತ್ತೇವೆ. ಆದರೂ ಬಾರ್‌ಗೆ ಅದರದೇ ಸಮಯವಿದೆ: ರಾತ್ರಿ ಪಾಳಿ ಮುಗಿದು ಕ್ಯಾಂಟೀನ್ ಮುಚ್ಚಿರುವಾಗ, ಚಾರಣದ ಚೀಲದಲ್ಲಿ, ವ್ಯಾಯಾಮ ಮುಗಿಸಿ ಮನೆ ತಲುಪಲು ಎರಡು ಗಂಟೆ ಇರುವಾಗ. ಎದುರಿಗಿರುವ ಇನ್ನೊಂದು ಆಯ್ಕೆ ಪಫ್ಸ್ ಆಗಿದ್ದರೆ ಬಾರ್ ಎಷ್ಟೋ ವಾಸಿ.

ಒಮ್ಮೆಗೇ ಡಜನ್ ತಂದಿಡಬೇಡಿ. ದಿನ ಕಳೆದಂತೆ ಒಳಗಿನ ಪ್ರೊಟೀನ್ ಬಿಗಿದುಕೊಂಡು ಬಾರ್ ಗಟ್ಟಿಯಾಗುತ್ತದೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟರೆ ಮೇಲಿನ ಚಾಕೊಲೇಟ್ ಕರಗಿ ಹೊದಿಕೆಗೆ ಅಂಟುತ್ತದೆ. ಅಂಗಡಿಯಲ್ಲಿ ತಯಾರಿಕೆ ದಿನಾಂಕ ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಬೆರಳಿನ ಗುರುತು ಬೀಳದಿದ್ದರೆ ಪಕ್ಕದ್ದನ್ನು ಎತ್ತಿಕೊಳ್ಳಿ.