ಕಡತದಿಂದ ಸ್ಲ್ಯಾಬಿಗೆ ಹತ್ತಿದ ಸುರಕ್ಷತೆ

ಕಟ್ಟಡದ ಕೆಲಸದಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಪಾಲು. ಸ್ಲ್ಯಾಬಿನ ಅಂಚಿನ ಕಟಾಂಜನವನ್ನು ನೆಲದ ಮೇಲೇ ಅಚ್ಚಿಗೆ ಬಿಗಿದು ಒಟ್ಟಿಗೆ ಮೇಲೆತ್ತೋಣ ಎಂದಾಗ, ‘ಹೀಗೆ ಮಾಡಿದರೆ ಪ್ರತಿ ಸ್ಲ್ಯಾಬಿಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ, ಬರೆದಿಟ್ಟುಕೊಳ್ಳಿ’ ಎಂದಿದ್ದರು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ಬರೆದಿಟ್ಟುಕೊಂಡೆ. ಹನ್ನೊಂದು ಮಹಡಿಯ ಕೆಲಸ. ಆರಂಭದಲ್ಲಿ ಸ್ಲ್ಯಾಬೊಂದಕ್ಕೆ ಹತ್ತು ಹನ್ನೊಂದು ದಿನ ಹಿಡಿಯುತ್ತಿತ್ತು. ಕೊನೆಯ ನಾಲ್ಕು ಸ್ಲ್ಯಾಬುಗಳು ತಲಾ ಒಂಬತ್ತು ದಿನದ ಆಸುಪಾಸಿನಲ್ಲಿ ಮುಗಿದವು. ಆ ಚೀಟಿ ಈಗಲೂ ನನ್ನ ಬಳಿ ಇದೆ.

ಮೊದಲು ನಾನು ಸೋತದ್ದನ್ನೇ ಹೇಳುತ್ತೇನೆ. ಎಂಬತ್ತು ಪುಟದ ಸುರಕ್ಷತಾ ಯೋಜನೆ ಬರೆದಿದ್ದೆ. ಎಲ್ಲರೂ ಸಹಿ ಹಾಕಿದರು, ಸ್ಲ್ಯಾಬಿನ ಅಂಚಿನಲ್ಲಿ ನಿಲ್ಲುವವರಲ್ಲಿ ಒಬ್ಬನೂ ಓದಲಿಲ್ಲ. ಬಳಿಕ ಹೆಲ್ಮೆಟ್ ಹಾಕದವರಿಗೆ ದಂಡ ವಿಧಿಸಿದೆ. ಒಂದೇ ತಿಂಗಳಲ್ಲಿ ಗಾಯಗಳ ದಾಖಲೆ ಪುಸ್ತಕ ಬಹುತೇಕ ಖಾಲಿ. ಸಭೆಯಲ್ಲಿ ಎದೆಯುಬ್ಬಿಸಿ ತೋರಿಸಿಯೂ ಬಿಟ್ಟೆ. ಒಂದು ಸಂಜೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಹತ್ತಿಯೂ ಇಲ್ಲ, ಬ್ಯಾಂಡೇಜೂ ಇಲ್ಲ! ಗಾಯಗಳಾಗುತ್ತಲೇ ಇದ್ದವು, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದರು. ದಂಡವನ್ನು ಆ ವಾರವೇ ಕೈಬಿಟ್ಟೆ.

ಹಣ ಸುರಿದದ್ದು ಹಾರ್ನೆಸ್‌ಗಳ ಮೇಲೆ, ಅಂದರೆ ಬಿದ್ದವನನ್ನು ಹಗ್ಗದಲ್ಲಿ ಹಿಡಿದು ನಿಲ್ಲಿಸಲು ಮೈಗೆ ಕಟ್ಟುವ ಪಟ್ಟಿಗಳ ಮೇಲೆ. ಒಟ್ಟಿಗೆ ಅರವತ್ತು ಕೊಂಡೆವು. ವರ್ಷದ ಸುರಕ್ಷತಾ ಹಣದಲ್ಲಿ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಹಂಚಿ ಮುಗಿದ ಮೇಲೆ ಮೊದಲ ಸ್ಲ್ಯಾಬಿನಲ್ಲಿ ನಿಂತು ಲೆಕ್ಕ ಹಾಕಿದೆ. ಹಗ್ಗ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಆಘಾತ ತಡೆಯುವ ಪೊಟ್ಟಣ ಬಿಚ್ಚಿಕೊಂಡರೆ ಇನ್ನೂ ಒಂದೂಮುಕ್ಕಾಲು, ಮೇಲೆ ಮನುಷ್ಯನ ಎತ್ತರ, ಒಂದಿಷ್ಟು ಉಳಿಕೆ. ಕೊಕ್ಕೆಯ ಕೆಳಗೆ ಆರು ಮೀಟರ್ ಖಾಲಿ ಜಾಗ ಬೇಕು. ನಮ್ಮಲ್ಲಿ ಇದ್ದದ್ದು ಮೂರೂವರೆ. ಬಿದ್ದವನು ಕೊಕ್ಕೆ ಹಾಕಿಕೊಂಡೇ ನೆಲಕ್ಕೆ ಬಡಿಯುತ್ತಿದ್ದ.

ಆಗ ದಾರಿ ಬದಲಿಸಿದೆ. ಪ್ರತಿ ಶನಿವಾರ ಸಂಜೆ ಕಾಂಕ್ರೀಟಿಗೆ ಅಚ್ಚು ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿ, ಕಂಬಿ ಕಟ್ಟುವ ಮೇಸ್ತ್ರಿ ಇಬ್ಬರನ್ನೂ ಕೂರಿಸಿಕೊಂಡು ಮುಂದಿನ ವಾರದ ಕೆಲಸದ ಪಟ್ಟಿ ಬಿಚ್ಚುತ್ತಿದ್ದೆ. ಒಂದೊಂದು ದಿನಕ್ಕೂ ಒಂದೇ ಪ್ರಶ್ನೆ: ಈ ದಿನ ಅಂಚಿಗೆ ಹೋಗುವವರು ಯಾರು, ಯಾಕೆ? ಅಲ್ಲಿಂದಲೇ ಉಪಾಯ ಹುಟ್ಟಿತು. ಅಂಚಿನ ಶಟರಿಂಗ್ (ಅಚ್ಚಿನ) ಪ್ಯಾನೆಲ್ಲಿಗೆ ಕಟಾಂಜನದ ಕಂಬಗಳನ್ನು ನೆಲದ ಮೇಲೆ ಇರುವಾಗಲೇ ಬಿಗಿದು, ಆಮೇಲೆ ಕ್ರೇನಿನಿಂದ ಎತ್ತುವುದು. ಪ್ಯಾನೆಲ್ ಕೂತಾಗಲೇ ಅಡ್ಡ ಪೈಪುಗಳೂ ಕೂತಿರುತ್ತವೆ; ಅಂಚು ಬರಿದಾಗಿ ಇರುವ ಗಳಿಗೆಯೇ ಬಹುತೇಕ ಇಲ್ಲ. ದಿನ ಉಳಿದದ್ದೂ ಇಲ್ಲಿಯೇ: ಮೊದಲು ಸೆಂಟ್ರಿಂಗ್‌ನವರು ಮುಗಿಸಿದ ಮೇಲೆ ಬೇರೊಂದು ತಂಡ ಬಂದು ಕಟಾಂಜನ ಕಟ್ಟುವವರೆಗೆ ಕಂಬಿಯವರು ಬೀಡಿ ಸೇದುತ್ತಾ ಕೂತಿರುತ್ತಿದ್ದರು.

ಪೈಪುಗಳ ಖರ್ಚನ್ನು ಸುರಕ್ಷತೆಯ ಬಾಬಿನಲ್ಲಿ ತೋರಿಸದೆ ಶಟರಿಂಗ್‌ನ ಚದರ ಮೀಟರ್ ದರದೊಳಗೆ ಸೇರಿಸಿದೆ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಸುರಕ್ಷತೆಗೆ, ಶಟರಿಂಗ್‌ಗಲ್ಲ. ಗುತ್ತಿಗೆದಾರರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ. ಮುಂದಿನ ಕೆಲಸದಲ್ಲೂ ಅವರೇ ಎದುರು ಕೂರಬೇಕು.

ಐದನೇ ಮಹಡಿಯಲ್ಲಿ ಒಂದು ಪಾಠವಾಯಿತು. ಪೈಪುಗಳು ಹಾಯಲು ಸ್ಲ್ಯಾಬಿನಲ್ಲಿ ಬಿಟ್ಟಿದ್ದ ಕಿಂಡಿಯ ಮೇಲೆ ಪ್ಲೈವುಡ್ ಮುಚ್ಚಿದ್ದೆವು. ಸಹಾಯಕ ಹುಡುಗನೊಬ್ಬನಿಗೆ ಪ್ಲೈವುಡ್ ಬೇಕಿತ್ತು. ಬಾಗಿ ಎರಡೂ ಕೈಯಲ್ಲಿ ಎತ್ತಿ, ಬಾಗಿಲಿನಂತೆ ಎದೆಗೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟ. ಎತ್ತಿದ ಹಲಗೆಯೇ ಕಿಂಡಿಯನ್ನು ಅವನ ಕಣ್ಣಿಗೆ ಮರೆಮಾಡಿತ್ತು. ಸೊಂಟದವರೆಗೆ ಇಳಿದವನನ್ನು ಅಡ್ಡಬಿದ್ದ ಅದೇ ಹಲಗೆ ಕಂಕುಳಲ್ಲಿ ತಡೆಯಿತು. ತೊಡೆಯ ಚರ್ಮ ತರಚಿತ್ತು, ಅಷ್ಟೇ. ಅವನು ನಕ್ಕ, ನನಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಮರುದಿನವೇ ವಿನ್ಯಾಸದ ಎಂಜಿನಿಯರ್ ಒಪ್ಪಿಗೆ ಪಡೆದು, ಕಿಂಡಿಗಳ ಉದ್ದಗಲಕ್ಕೂ ಎಂಟು ಮಿಲಿಮೀಟರ್ ಕಂಬಿಯ ಜಾಲರಿಯನ್ನು ಹಾಯಿಸಿ ಸುತ್ತಲೂ ಕಾಂಕ್ರೀಟ್ ಹಾಕಿಸಿದೆವು. ಪೈಪು ಬಂದ ದಿನವೇ ಜಾಲರಿ ಕತ್ತರಿಸುವುದು. ಮಹಡಿಗೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋ ಕಂಬಿ. ಅಷ್ಟಕ್ಕೂ ಗೊಣಗಿದವರಿದ್ದರು.

ನಡುವೆ ನೀರಿನ ಒಂದು ಪ್ರಯೋಗವನ್ನೂ ಮಾಡಿದೆ. ಕುಡಿಯುವ ನೀರು ಕೆಳಗಿದ್ದರೆ ಆರು ಮಹಡಿ ಇಳಿದು ಯಾರು ಕುಡಿಯುತ್ತಾರೆ? ಕೆಲಸ ನಡೆಯುವ ಸ್ಲ್ಯಾಬಿಗೇ ಕ್ಯಾನುಗಳನ್ನು ಹೊರಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕೊಡಲು ಒಬ್ಬನನ್ನು ನೇಮಿಸಿದೆ. ಅವನ ಕೂಲಿ ವ್ಯರ್ಥ ಎಂದವರು, ಮಧ್ಯಾಹ್ನದ ತಲೆಸುತ್ತು ವಾರಕ್ಕೆ ನಾಲ್ಕೈದರಿಂದ ಒಂದಕ್ಕೆ ಇಳಿದ ಮೇಲೆ ಬಾಯಿ ಮುಚ್ಚಿದರು. ಕೈಗವಸು ಮಾತ್ರ ಸಂಪೂರ್ಣ ಸೋಲು. ಒಳಗೆ ಹೊಕ್ಕ ಸಿಮೆಂಟ್ ನೀರು ಅಲ್ಲೇ ನಿಂತು ಬರಿಗೈಗಿಂತ ಹೆಚ್ಚು ಸುಟ್ಟಿತು. ಉದ್ದ ತೋಳಿನವು ಬಂದ ಮೇಲೆ ಸ್ವಲ್ಪ ಸುಧಾರಿಸಿತು.

ರಾತ್ರಿ ಕಾಂಕ್ರೀಟ್ ಇನ್ನೂ ಹತೋಟಿಗೆ ಬಂದಿಲ್ಲ. ದೀಪ ಎಲ್ಲಿ ನಿಲ್ಲಿಸಿದರೂ ಪಂಪಿನ ಕೊಳವೆ ಹಿಡಿದವನ ನೆರಳು ಅವನ ಕಾಲ ಬಳಿಯೇ ಬೀಳುತ್ತದೆ. ಎರಡು ಬದಿಯಿಂದ, ಎತ್ತರದ ಕಂಬದಲ್ಲಿ ಇಟ್ಟು ನೋಡಬೇಕೆಂದಿದ್ದೇನೆ. ಕಂಬದ ಖರ್ಚನ್ನು ಯಾವ ದರದೊಳಗೆ ತೂರಿಸುವುದೆಂಬ ಯೋಚನೆ ನಡೆದಿದೆ.